ಅಣಬೆ ಎಳೆಯಿಂದ ಬೆಳೆಸಿದ ಸ್ಟೂಲು, ದೀಪ, ಫಲಕ: ಕೆಟ್ಟಿದ್ದು ಎಲ್ಲಿ ಎಂದು ಹುಡುಕುವ ಕೈಪಿಡಿ

ಅಚ್ಚಿನ ಮುಚ್ಚಳ ತೆಗೆದಾಗ ಹಸಿರು ಕಲೆ ಕಂಡರೆ ಹೆಚ್ಚಿನವರು ಇಡೀ ತುಂಡನ್ನು ಎಸೆದುಬಿಡುತ್ತಾರೆ. ಇಲ್ಲವೇ ಸ್ಪಿರಿಟ್ ಸಿಂಪಡಿಸಿ ಮತ್ತೆ ಮುಚ್ಚಿಡುತ್ತಾರೆ. ಎರಡಕ್ಕೂ ಅವಸರ ಬೇಡ. ಮೊದಲು ಎರಡು ವಿಷಯ ಬರೆದಿಟ್ಟುಕೊಳ್ಳಿ: ಕಲೆ ಮೊದಲು ಕಂಡಿದ್ದು ಎಲ್ಲಿ, ಎಷ್ಟನೇ ದಿನ. ಈ ಕೆಲಸದಲ್ಲಿ ತಪ್ಪು ಆಗುವ ಹಂತ ಒಂದು, ಅದು ಕಣ್ಣಿಗೆ ಬೀಳುವ ಹಂತ ಇನ್ನೊಂದು. ಒಣಗುವಾಗ ಬಿರುಕು ಬಿಟ್ಟ ಸ್ಟೂಲು ಎಷ್ಟೋ ಸಲ ಕೆಟ್ಟಿದ್ದು ಹುಲ್ಲಿಗೆ ನೀರು ಬೆರೆಸಿದ ದಿನವೇ. ಜಾಗ ಮತ್ತು ದಿನ ಗೊತ್ತಿಲ್ಲದೆ ಬರೀ ಕಲೆ ನೋಡಿದರೆ ಏನೂ ತಿಳಿಯುವುದಿಲ್ಲ.

ವಸ್ತು ಯಾವುದು ಅನ್ನುವುದನ್ನು ಎರಡು ಮಾತಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಭತ್ತದ ಹುಲ್ಲು, ಮರದ ಹೊಟ್ಟು, ಜೋಳದ ದಂಟು ಇಂಥದ್ದನ್ನು ಬಿಸಿ ನೀರಲ್ಲಿ ಬೇಯಿಸಿ, ಆರಿಸಿ, ಅಣಬೆ ಬೀಜ (ಅಂದರೆ ಅಣಬೆಯ ಎಳೆ ಹಬ್ಬಿಸಿದ ಧಾನ್ಯದ ಕಾಳು) ಬೆರೆಸಿ ಅಚ್ಚಿಗೆ ತುಂಬುತ್ತೇವೆ. ಅಣಬೆಯ ಬಿಳಿ ಎಳೆಗಳು, ಅಂದರೆ ಮೈಸೀಲಿಯಂ, ಹುಲ್ಲಿನ ಚೂರುಗಳನ್ನು ಹೆಣೆದು ಒಂದೇ ತುಂಡು ಮಾಡುತ್ತವೆ. ಆಮೇಲೆ ಬಿಸಿ ಕೊಟ್ಟು ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಅಮೆರಿಕದ ಕಲಾವಿದ ಫಿಲಿಪ್ ರಾಸ್ 2009ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ರೀಶಿ ಅಣಬೆಯಿಂದ ಬೆಳೆಸಿದ ಇಟ್ಟಿಗೆಗಳಲ್ಲಿ ಒಂದು ಪುಟ್ಟ ಟೀ ಮನೆ ಕಟ್ಟಿದರು. 2014ರಲ್ಲಿ ನ್ಯೂಯಾರ್ಕ್‌ನ ಮೋಮಾ ಪಿಎಸ್1 ಕಲಾಕೇಂದ್ರದ ಅಂಗಳದಲ್ಲಿ ಸುಮಾರು 10,000 ಇಂಥ ಇಟ್ಟಿಗೆಗಳ ‘ಹೈ-ಫೈ’ ಗೋಪುರ ಎದ್ದಿತು. ಅದರ ಇಟ್ಟಿಗೆಗೆ ಮುಸುಕಿನ ಜೋಳದ ದಂಟೇ ಮೂಲ. ನಮ್ಮಲ್ಲಿ ಈ ಕೆಲಸಕ್ಕೆ ಸುಲಭವಾಗಿ ಸಿಗುವುದು ಚಿಪ್ಪಣಬೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಅದರ ಬೀಜ ಕೊಡುತ್ತಾರೆ.

ಪ್ರತಿ ಅಚ್ಚಿನ ಮೇಲೂ ಒಂದು ಟೇಪು ಅಂಟಿಸಿ. ಬೀಜ ಬೆರೆಸಿದ ತಾರೀಕು, ಆವತ್ತಿನ ತೂಕ, ಹುಲ್ಲಿಗೆ ಹಾಕಿದ ನೀರು, ಇಷ್ಟು ಸಾಕು. ಕೆಳಗೆ ಹೇಳುವುದೆಲ್ಲ ಈ ಟೇಪಿನ ಮೇಲೆ ನಿಂತಿದೆ.

ಬಿಳಿ ಎಳೆ ಏಳುತ್ತಲೇ ಇಲ್ಲ

ಎರಡು ಮೂರು ದಿನದಲ್ಲಿ ಬೀಜದ ಕಾಳಿನ ಸುತ್ತ ಬಿಳಿ ನವಿರು ಕಾಣಬೇಕು. ಐದು ದಿನವಾದರೂ ಇಲ್ಲ ಅಂದರೆ ಮೊದಲು ಬೀಜವನ್ನು ಪರೀಕ್ಷೆ ಮಾಡಿ. ರಟ್ಟಿನ ಚೂರು ಕುದಿಸಿ, ಹಿಂಡಿ, ತೊಳೆದ ಡಬ್ಬಿಯಲ್ಲಿ ಹಾಸಿ. ಉಳಿದ ಬೀಜದಲ್ಲಿ ಹತ್ತು ಕಾಳು ಅದರ ಮೇಲೆ ಇಟ್ಟು ಮುಚ್ಚಿ. ಮೂರ್ನಾಲ್ಕು ದಿನದಲ್ಲಿ ಕಾಳಿನಿಂದ ರಟ್ಟಿಗೆ ಎಳೆ ಹಬ್ಬಿದರೆ ಬೀಜ ಸರಿ ಇದೆ, ತಪ್ಪು ಹುಲ್ಲಿನಲ್ಲಿದೆ. ಹಬ್ಬದಿದ್ದರೆ ಬೀಜ ಹಳೆಯದು, ಇಲ್ಲವೇ ದಾರಿಯಲ್ಲಿ ಬಿಸಿಲಿಗೆ ಸಿಕ್ಕಿ ಬೆಂದಿದೆ. ಬಸ್ಸಿನಲ್ಲಿ ಬೀಜ ತರಿಸುವವರು ಇದನ್ನು ಗಮನಿಸಬೇಕು. ತಂದ ಕೂಡಲೇ ಫ್ರಿಜ್ಜಿಗೆ ಇಡಿ, ಫ್ರೀಜರ್‌ಗಲ್ಲ.

ಬೀಜ ಚೆನ್ನಾಗಿದ್ದೂ ಹುಲ್ಲು ಹಿಡಿಯದಿದ್ದರೆ ಕಾರಣ ಸಾಮಾನ್ಯವಾಗಿ ಬಿಸಿ. ಹೊರಗಿನ ಹುಲ್ಲು ಆರಿದ್ದರೂ ರಾಶಿಯ ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಚಿಪ್ಪಣಬೆಯ ಎಳೆ 40 ಡಿಗ್ರಿ ತಡೆಯುವುದಿಲ್ಲ. ರಾಶಿ ಹರಡಿ, ನಡುವಿನ ಬಿಸಿ 30ಕ್ಕಿಂತ ಕೆಳಗೆ ಇಳಿದ ಮೇಲೆ ಬೀಜ ಬೆರೆಸಿ. ಬಿಸಿ ನೀರಿನ ಬದಲು ಸುಣ್ಣದ ನೀರಲ್ಲಿ ನೆನೆಸುವವರಾದರೆ ಹುಲ್ಲು ಚೆನ್ನಾಗಿ ಬಸಿದಿದೆಯಾ ನೋಡಿ. ಅಡಿಯಲ್ಲಿ ಸುಣ್ಣದ ಕೆಸರು ನಿಂತ ಕಡೆ ಎಳೆ ಹೋಗುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೆಳವಣಿಗೆ ನಿಧಾನ ಆಗುತ್ತದೆ. ಅದು ದೋಷವಲ್ಲ, ಸುಮ್ನೆ ಕಾಯಿರಿ.

ಹಸಿರು, ಕಪ್ಪು, ಕಿತ್ತಳೆ

ಹಸಿರು ಬೂಷ್ಟು ಅಂದರೆ ಬಹುಮಟ್ಟಿಗೆ ಟ್ರೈಕೋಡರ್ಮಾ. ತೋಟದಲ್ಲಿ ರೋಗ ತಡೆಯಲು ಬೇವಿನ ಹಿಂಡಿಯ ಜೊತೆ ಹಾಕುತ್ತೇವಲ್ಲ, ಆ ಜಾತಿಯದೇ. ಬೇರೆ ಶಿಲೀಂಧ್ರಗಳನ್ನು ತಿನ್ನುವುದು ಅದರ ಗುಣ, ಹಾಗಾಗಿಯೇ ತೋಟಕ್ಕೆ ಗೆಳೆಯ, ನಮಗೆ ಶತ್ರು.

ಇದು ಶುರುವಿಗೆ ಹಸಿರಾಗಿ ಇರುವುದಿಲ್ಲ, ಅದೇ ತೊಂದರೆ. ಮೊದಲ ದಿನ ಬಿಳಿಯಾಗಿಯೇ ಕಾಣುತ್ತದೆ. ನಮ್ಮ ಅಣಬೆಯ ಎಳೆ ಕವಲೊಡೆದು, ಬೇರಿನ ಹಾಗೆ ಹರಡುತ್ತದೆ, ಅಂಚಿನಲ್ಲಿ ತೆಳುವಾಗುತ್ತಾ ಹೋಗುತ್ತದೆ. ಬೂಷ್ಟಿನ ಬಿಳಿ ದುಂಡಗೆ, ಒತ್ತಾಗಿ, ಅಂಚು ಗೆರೆ ಕೊರೆದಂತೆ ಇರುತ್ತದೆ. ಮಾರನೇ ದಿನವೋ ಅದರ ಮರುದಿನವೋ ನಡುವಿನಿಂದ ಹಸಿರು ತಿರುಗುತ್ತದೆ, ಸುತ್ತ ಬಿಳಿ ಉಂಗುರ ಉಳಿಯುತ್ತದೆ. ಸಂಶಯ ಬಂದರೆ ಒದ್ದೆ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಹಸಿರು ಪುಡಿ ಹತ್ತಿದರೆ ಬೂಷ್ಟು.

ಈಗ ಜಾಗ ನೋಡಿ. ಎಲ್ಲಾ ಕಡೆ ಚುಕ್ಕೆ ಚುಕ್ಕೆಯಾಗಿ, ಮೊದಲ ವಾರದೊಳಗೇ ಬಂದಿದ್ದರೆ ಹುಲ್ಲು ಸರಿಯಾಗಿ ಬೆಂದಿಲ್ಲ. ಡ್ರಮ್ಮಿನಲ್ಲಿ ಹುಲ್ಲಿನ ಮೂಟೆ ತೇಲಿ ಮೇಲಿನ ಭಾಗ ನೀರಿನಿಂದ ಹೊರಗೆ ಉಳಿದಿರುತ್ತದೆ. ಭಾರ ಹೇರಿ ಮುಳುಗಿಸಬೇಕು. ಕಲೆ ಪ್ರತಿ ಸಲ ಕಾಳಿನಿಂದಲೇ ಶುರುವಾಗಿದ್ದರೆ ಬೀಜದಲ್ಲೇ ಬೂಷ್ಟು ಇತ್ತು. ಅಚ್ಚಿನ ತಳದಲ್ಲಿ ಮಾತ್ರ ಇದ್ದರೆ ನೀರು ನಿಂತಿದೆ. ಅಚ್ಚಿಗೆ ತುಂಬಿದ ಮೇಲೆ, ಮೇಲ್ಮೈಯಲ್ಲಿ ಮಾತ್ರ ಬಂದಿದ್ದರೆ ಕೈ, ಅಚ್ಚು ಅಥವಾ ಹಿಟ್ಟು ಕಾರಣ. ಚೀಲದಲ್ಲಿ ಬೆಳ್ಳಗಾದ ಹುಲ್ಲನ್ನು ಪುಡಿ ಮಾಡಿ ಅಚ್ಚಿಗೆ ತುಂಬುವ ಎರಡನೇ ಹಂತದಲ್ಲಿ ಎಳೆಗೆ ಬಲ ಬರಲಿ ಎಂದು ಸ್ವಲ್ಪ ಗೋಧಿ ಹಿಟ್ಟು ಬೆರೆಸುತ್ತೇವಲ್ಲ, ಅದು ಬೂಷ್ಟಿಗೂ ಊಟ. ಕಿಲೋ ಮಿಶ್ರಣಕ್ಕೆ ಎರಡು ಮೂರು ಚಮಚ ಸಾಕು. ಜಾಸ್ತಿ ಹಾಕಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು.

ತೌಡಿನ ವಿಷಯ ಬೇರೆಯೇ ಹೇಳಬೇಕು. ಬರೀ ಹುಲ್ಲನ್ನು 65ರಿಂದ 80 ಡಿಗ್ರಿ ಬಿಸಿ ನೀರಲ್ಲಿ ಒಂದೆರಡು ಗಂಟೆ ಇಟ್ಟರೆ ಸಾಕಾಗುತ್ತದೆ. ಆ ಬಿಸಿಗೆ ಬೂಷ್ಟಿನ ಬಹುಪಾಲು ಸಾಯುತ್ತದೆ, ಬಿಸಿ ತಡೆಯುವ ಕೆಲವು ಬ್ಯಾಕ್ಟೀರಿಯಾ ಉಳಿದು ಹೊಸ ಬೂಷ್ಟಿಗೆ ಜಾಗ ಬಿಡುವುದಿಲ್ಲ. ಆದರೆ ಹೊಟ್ಟಿಗೆ ಅಕ್ಕಿ ತೌಡು ಸೇರಿಸಿದಿರೋ, ಈ ಲೆಕ್ಕ ತಪ್ಪುತ್ತದೆ. ಅಷ್ಟು ಪುಷ್ಟಿ ಇರುವ ಮಿಶ್ರಣಕ್ಕೆ ಪ್ರೆಷರ್ ಕುಕ್ಕರ್‌ನಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ, ಕನಿಷ್ಠ ಒಂದೂವರೆ ಗಂಟೆ ಬೇಕು. ತೌಡು ಹಾಕಿ ಬಿಸಿನೀರಲ್ಲಿ ಅದ್ದಿದ ಮಿಶ್ರಣ ಹಸಿರಾದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಕುಕ್ಕರ್ ಇಲ್ಲದವರು ತೌಡನ್ನು ಬಿಟ್ಟುಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಉಳಿಸಬಹುದೇ? ತುಂಡು ಪೂರ್ತಿ ಬೆಳ್ಳಗಾದ ಮೇಲೆ ನಾಣ್ಯದಷ್ಟು ಕಲೆ ಬಂದಿದ್ದರೆ ಮನೆಯಿಂದ ಹೊರಗೆ ಒಯ್ದು, ಸುತ್ತ ಎರಡು ಬೆರಳಗಲ ಬಿಟ್ಟು ಕೆತ್ತಿ, ಬೆಳೆಯಲು ಇನ್ನಷ್ಟು ದಿನ ಕೊಡದೆ ಒಣಗಿಸಲು ಹಾಕಿ. ಇನ್ನೂ ಅರ್ಧ ಹುಲ್ಲು ಕಾಣುತ್ತಿರುವಾಗಲೇ ಬಂದಿದ್ದರೆ ಆಸೆ ಬಿಡಿ.

ಕಿತ್ತಳೆ ಬಣ್ಣದ, ಪುಸಪುಸ ಉಬ್ಬಿದ ಬೂಷ್ಟು ನ್ಯೂರೋಸ್ಪೋರಾ. ಚೀಲದ ಬಾಯಲ್ಲಿ ಕಂಡಿದ್ದು ರಾತ್ರಿ ಕಳೆಯುವುದರೊಳಗೆ ಹೊರಗೆ ಚಾಚಿರುತ್ತದೆ. ಇದನ್ನು ಬಿಚ್ಚಿ ನೋಡಬೇಡಿ. ಒದ್ದೆ ಬಟ್ಟೆ ಮುಚ್ಚಿ, ಇನ್ನೊಂದು ಚೀಲದಲ್ಲಿ ಕಟ್ಟಿ, ಹೊರಗೆ ಒಯ್ದು ಕುದಿಯುವ ನೀರಿಗೆ ಹಾಕಿ. ಆ ಕೋಣೆಯಲ್ಲಿ ಸ್ವಲ್ಪ ದಿನ ಬೀಜ ಬೆರೆಸುವ ಕೆಲಸ ನಿಲ್ಲಿಸಿ, ನೆಲ ಗೋಡೆ ಒರೆಸಿ. ಕಪ್ಪು ಪುಡಿ ಬರುವುದು ಆಸ್ಪರ್ಜಿಲಸ್, ಸೆಕೆ ಹೆಚ್ಚಾದಾಗ ಜಾಸ್ತಿ. ಮಾಸ್ಕ್ ಹಾಕದೆ ಹತ್ತಿರ ಹೋಗಬೇಡಿ. ಉಬ್ಬಸ ಇರುವವರು ಇದನ್ನು ಮುಟ್ಟಲೇಬಾರದು.

ಹುಳಿ ವಾಸನೆ, ಹಳದಿ ನೀರು

ಆರೋಗ್ಯವಾಗಿ ಬೆಳೆಯುವ ತುಂಡಿಗೆ ಹಸಿ ಅಣಬೆಯ ವಾಸನೆ ಇರುತ್ತದೆ. ಹುಳಿ, ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ, ಅದರ ಹಿಂದೆ ಹೆಚ್ಚಿನ ನೀರು. ಒಣ ಹುಲ್ಲು ಒಂದು ಕಿಲೋಗೆ ಒಳಗೆ ಸೇರುವ ನೀರು ಒಂದೂವರೆಯಿಂದ 1.8 ಲೀಟರ್ ಇರಬೇಕು. ಆಗ ಒಟ್ಟು ತೂಕದಲ್ಲಿ ನೀರು 60ರಿಂದ 65 ಭಾಗ ಆಗುತ್ತದೆ. ತಕ್ಕಡಿ ಇಲ್ಲದಿದ್ದರೆ ಒಂದು ಹಿಡಿ ಗಟ್ಟಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ, ಧಾರೆ ಬಂದರೆ ಇನ್ನೂ ಬಸಿಯಬೇಕು. ತುಂಬಿದ ಮೇಲೆ ಗೊತ್ತಾದರೆ ಚೀಲದ ತಳಕ್ಕೆ ಸ್ಪಿರಿಟ್ ಹಚ್ಚಿದ ಸೂಜಿಯಿಂದ ಚುಚ್ಚಿ ನೀರು ಇಳಿಸಿ, ಇಳಿದ ಮೇಲೆ ಟೇಪು ಹಾಕಿ.

ಬಿಳಿ ಎಳೆಯ ಮೇಲೆ ಹಳದಿ ಹನಿ ಕೂತರೆ ಅದು ಅಣಬೆಯೇ ಹೊರಹಾಕಿದ ರಸ. ಸೆಕೆಗೋ ಪಕ್ಕದ ಬೂಷ್ಟಿಗೋ ಪ್ರತಿಯಾಗಿ ಬರುತ್ತದೆ. ಒಂದೆರಡು ಹನಿಗೆ ಚಿಂತೆ ಬೇಡ. ಹಳದಿ ಕಲೆ ಒಂದೇ ಜಾಗದಲ್ಲಿ ಗೆರೆಯಾಗಿ ನಿಂತರೆ ಆ ಗೆರೆಯಾಚೆ ಏನಿದೆ ಎಂದು ಹುಡುಕಿ.

ಹೊರಗೆ ಗಟ್ಟಿ, ಒಳಗೆ ಉದುರು

ಪೀಠೋಪಕರಣ ಮಾಡುವವರನ್ನು ಹೆಚ್ಚು ಕಾಡುವುದು ಇದು. ಲ್ಯಾಂಪ್‌ಶೇಡ್ ತೆಳು, ಅದಕ್ಕೆ ಈ ಕಾಟ ಇಲ್ಲ. ಸ್ಟೂಲಿನ ದಿಮ್ಮಿ ಅಂದರೆ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ. ಹೊರಗೆಲ್ಲ ಬೆಳ್ಳಗೆ, ಒತ್ತಿದರೆ ಗಟ್ಟಿ. ಒಣಗಿಸಿ ಕೊಯ್ದರೆ ನಡುವೆ ಕಂದು ಬಣ್ಣದ ಹುಲ್ಲು ಹಾಗೇ ಉದುರುತ್ತದೆ.

ಕೊಯ್ಯದೆ ತಿಳಿಯಲು ಹಳೆ ಸೈಕಲ್ಲಿನ ಕಡ್ಡಿ ಒಂದು ಇದ್ದರೆ ಸಾಕು. ಉಜ್ಜಿ, ಸ್ಪಿರಿಟ್ ಒರೆಸಿ, ತುದಿ ಬೆಂಕಿಗೆ ಹಿಡಿದು ಆರಿಸಿ. ದಿಮ್ಮಿಯ ತಳದ ಕಡೆಯಿಂದ ನಿಧಾನವಾಗಿ ಒತ್ತಿ. ಮೊದಲ ಮೂರ್ನಾಲ್ಕು ಸೆಂಟಿಮೀಟರ್ ಕಡ್ಡಿ ಬಿಗಿಯಾಗಿ, ತಡೆದು ತಡೆದು ಹೋಗುತ್ತದೆ. ಒಂದು ಕಡೆ ಥಟ್ಟನೆ ಸಡಿಲವಾಗಿ ಜಾರಿದರೆ ಅಲ್ಲಿಗೇ ನಿಲ್ಲಿಸಿ, ಕಡ್ಡಿಯ ಮೇಲೆ ಆ ಆಳಕ್ಕೆ ಉಗುರು ಹಿಡಿದು ಹೊರಗೆ ತೆಗೆಯಿರಿ. ಉಗುರಿನಿಂದ ತುದಿಯವರೆಗೆ ಅಳೆದರೆ ಎಳೆ ಎಷ್ಟು ಒಳಗೆ ಹೋಗಿದೆ ಎಂದು ಗೊತ್ತಾಯಿತು. ತುದಿಯನ್ನು ಮೂಸಿ. ಅಣಬೆ ವಾಸನೆ ಇದ್ದರೆ ಒಳಗೂ ಜೀವ ಇದೆ, ಸಮಯ ಕೊಡಿ. ಹೆಂಡದ ವಾಸನೆ ಬಂದರೆ ಗಾಳಿ ಸಾಕಾಗದೆ ಹುದುಗು ಬಂದಿದೆ. ಕೊಳೆತ ವಾಸನೆ ಬಂದರೆ ನಡುವಿನ ಭಾಗ ಹೋಯಿತು.

ಅಣಬೆ ನಮ್ಮ ಹಾಗೇ ಆಮ್ಲಜನಕ ಎಳೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಗಿನ ಎಳೆ ಮೊದಲು ಬೆಳೆದು ಗಾಳಿಯನ್ನು ತಾನೇ ಮುಗಿಸುತ್ತದೆ, ಮೇಲ್ಮೈಯಲ್ಲಿ ತೊಗಲು ಕಟ್ಟಿ ದಾರಿಯನ್ನೂ ಮುಚ್ಚುತ್ತದೆ. ಬೆಳೆಯುವಾಗ ಬಿಸಿಯೂ ಹುಟ್ಟುತ್ತದೆ. ದಪ್ಪ ದಿಮ್ಮಿಯ ನಡುವಿನಿಂದ ಅದು ಹೊರಗೆ ಹೋಗಲಾರದು. ಕೋಣೆ 28 ಡಿಗ್ರಿ ಇದ್ದರೂ ಒಳಗೆ ಅದಕ್ಕಿಂತ ಎಷ್ಟೋ ಮೇಲೆ ಹೋಗಿರಬಹುದು. ಕಡ್ಡಿ ತೂರಿದ ತೂತಿಗೇ ಅಡುಗೆ ಥರ್ಮಾಮೀಟರ್ ಇಳಿಸಿ ನೋಡಿ. 35 ದಾಟಿದ್ದರೆ ಫ್ಯಾನಿನ ಕೆಳಗೆ ಇಡಿ.

ಪರಿಹಾರ ಅಂದರೆ ಎರಡು ಹಂತದ ಬೆಳೆ. ಮೊದಲು ಚಿಕ್ಕ ಚೀಲಗಳಲ್ಲಿ ಹುಲ್ಲು ಪೂರ್ತಿ ಬೆಳ್ಳಗಾಗಲಿ. ಆಮೇಲೆ ಅದನ್ನು ಕೈಯಿಂದ ಪುಡಿ ಮಾಡಿ, ಹಿಟ್ಟು ಬೆರೆಸಿ, ಅಚ್ಚಿಗೆ ಒತ್ತಿ. ಪ್ರತಿ ಚೂರಿನಲ್ಲೂ ಆಗಲೇ ಎಳೆ ಇರುವುದರಿಂದ ದಿಮ್ಮಿಯ ನಡುವೆಯೂ ಹೊಲಿಗೆ ಬೀಳುತ್ತದೆ. ನಡುವೆ ತೂತು ಕೊರೆದ ಪಿವಿಸಿ ಪೈಪ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಇದಕ್ಕಿಂತ ನನಗೆ ಹಿಡಿಸಿದ ದಾರಿ ಇನ್ನೊಂದಿದೆ: ಆರೇಳು ಸೆಂಟಿಮೀಟರ್ ದಪ್ಪದ ಬಿಲ್ಲೆಗಳನ್ನು ಬೇರೆ ಬೇರೆ ಬೆಳೆಸಿ, ಹಸಿ ಇರುವಾಗಲೇ ಒಂದರ ಮೇಲೊಂದು ಇಟ್ಟು ಕಟ್ಟುವುದು. ಒಂದೇ ಬೀಜದಿಂದ ಬಂದ ಬಿಲ್ಲೆಗಳಾದರೆ ಕೆಲವು ದಿನದಲ್ಲಿ ತಾವಾಗಿ ಬೆಸೆದುಕೊಳ್ಳುತ್ತವೆ. ಗಮ್ ಬೇಡ, ಮೊಳೆ ಬೇಡ. ಕೈಯಲ್ಲಿ ಎತ್ತಿದಾಗ ಎರಡೂ ಒಟ್ಟಿಗೆ ಬರುವುದನ್ನು ನೋಡುವ ಖುಷಿಯೇ ಬೇರೆ.

ಅಚ್ಚು ಬಿಡುತ್ತಿಲ್ಲ

ಮರ, ರಟ್ಟು, ಪ್ಲೈವುಡ್ ಅಚ್ಚಾದರೆ ಎಳೆ ಅದನ್ನೂ ತಿಂದು ಒಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿ. ಕೆಲವರಿಗೆ ಬೇಕಾದದ್ದೇ ಈ ಅಂಟು. 2017ರಲ್ಲಿ ಲಂಡನ್ನಿನಲ್ಲಿ ವಿನ್ಯಾಸಕಾರರಾದ ಸೆಬಾಸ್ಟಿಯನ್ ಕಾಕ್ಸ್ ಮತ್ತು ನಿನೆಲಾ ಇವನೋವಾ ತೋರಿಸಿದ ಸ್ಟೂಲು, ದೀಪಗಳಲ್ಲಿ ಮರದ ಹೆಣಿಗೆಗೆ ಅಣಬೆಯನ್ನು ಬೇಕೆಂದೇ ಕಚ್ಚಿಸಿದ್ದರು. ಮರದ ಕಾಲು ಜೋಡಿಸಬೇಕಾದರೆ ಬೆಳೆಯುವಾಗಲೇ ಒಳಗೆ ನೆಡಿ.

ಮೊಗ್ಗು ಏಳುತ್ತಿದೆ

ಬೆಳಕು, ಹೊಸ ಗಾಳಿ, ತಂಪು ಸಿಕ್ಕಿದ ಕೂಡಲೇ ಚಿಪ್ಪಣಬೆಗೆ ಹೂ ಬಿಡುವ ಹೊತ್ತು ಬಂತು ಅನಿಸುತ್ತದೆ. ಅಚ್ಚನ್ನು ಕತ್ತಲೆಗೆ ಸರಿಸಿ, ಮೊಗ್ಗು ಚಿವುಟಿ, ಬೆಳವಣಿಗೆ ಮುಗಿದಿದ್ದರೆ ಒಣಗಿಸಲು ಹಾಕಿ. ಅಂದಕ್ಕೆ ಬೇಕು ಅಂದರೆ ಬಿಡಬಹುದು. ಡಚ್ ವಿನ್ಯಾಸಕಾರ ಎರಿಕ್ ಕ್ಲಾರೆನ್‌ಬೀಕ್ 2013ರ ಕುರ್ಚಿಯಲ್ಲಿ ಅಣಬೆಗಳನ್ನು ಅಲಂಕಾರಕ್ಕೇ ಬಿಟ್ಟಿದ್ದರು. ಆದರೆ ಛತ್ರಿ ಪೂರ್ತಿ ಅರಳುವ ಮೊದಲೇ ಒಣಗಿಸಿ. ಅರಳಿದ ಚಿಪ್ಪಣಬೆ ಬಿಡುವ ಬೀಜಕಣಗಳ ಧೂಳು ಮುಚ್ಚಿದ ಕೋಣೆಯಲ್ಲಿ ಕೆಮ್ಮು ತರುತ್ತದೆ.

ಒಣಗುವಾಗ ಸೊಟ್ಟಗಾಯಿತು, ಬಿರಿಯಿತು

ಹೊರಗು ಬೇಗ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿ. ಬಿರುಕು ಅಲ್ಲೇ ಹುಟ್ಟುವುದು. ನೇರ ಬಿಸಿಲಿಗೆ ಇಡಬೇಡಿ. ಮೊದಲು ಜಾಲರಿಯ ಮೇಲೆ ಇಟ್ಟು ಎರಡು ಮೂರು ದಿನ ಫ್ಯಾನ್ ಗಾಳಿ, ಆಗಾಗ ಮಗುಚಿ, ಆಮೇಲೆ ಬಿಸಿ. ಚಪ್ಪಟೆ ಫಲಕವಾದರೆ ಎರಡು ಜಾಲರಿಗಳ ನಡುವೆ ಬಿಗಿದು ಒಣಗಿಸಿ.

ಒಣಗಿತು ಅನ್ನುವುದನ್ನು ಕೈ ಮುಟ್ಟಿ ನಂಬಬೇಡಿ, ತೂಕ ನಂಬಿ. ಟೇಪಿನ ಮೇಲೆ 10 ಕಿಲೋ ಎಂದು ಬರೆದಿದ್ದರೆ, ನೀರು 65 ಭಾಗ ಇದ್ದ ಲೆಕ್ಕದಲ್ಲಿ ಕೊನೆಗೆ ಉಳಿಯಬೇಕಾದದ್ದು ಮೂರೂವರೆ ಕಿಲೋ. ಅಣಬೆ ತಿಂದು ಖರ್ಚು ಮಾಡಿದ್ದು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಐದು ಕಿಲೋಗೆ ನಿಂತಿದ್ದರೆ ಒಳಗೆ ನೀರಿದೆ, ಜೀವವೂ ಇದೆ. ಬಿಸಿಲಲ್ಲಿ ಒಣಗಿದ ಎಳೆ ಸಾಯುವುದಿಲ್ಲ, ಮಲಗಿರುತ್ತದೆ. ಕೊಲ್ಲಲು ನಡುಭಾಗಕ್ಕೂ 80 ಡಿಗ್ರಿ ಮುಟ್ಟಿ ಕೆಲವು ಗಂಟೆ ನಿಲ್ಲಬೇಕು. ಮನೆಯ ಓವನ್ನಿಗೆ ಸ್ಟೂಲು ಹಿಡಿಸುವುದಿಲ್ಲ. ಬೇಕರಿಯವರ ಭಟ್ಟಿ ಆರುವ ಹೊತ್ತಿಗೆ ಕೇಳಿ ನೋಡಿ, ಬೆಂಕಿ ತಗುಲದ ಹಾಗೆ ಥರ್ಮಾಮೀಟರ್ ಇಟ್ಟುಕೊಂಡೇ ಕೆಲಸ ಮಾಡಿ.

ಕೂತರೆ ಕುಸಿಯುತ್ತದೆ

ಒತ್ತದೆ ಬೆಳೆಸಿದ ಈ ವಸ್ತುವಿನ ಬಲ ಮರದ ಹತ್ತಿರಕ್ಕೂ ಬರುವುದಿಲ್ಲ, ಥರ್ಮಾಕೋಲಿನ ಸಾಲಿಗೆ ಸೇರುತ್ತದೆ. ಮೇಲಿನಿಂದ ಒತ್ತುವ ಭಾರ ತಡೆಯುತ್ತದೆ, ಬಾಗಿಸಿದರೆ ಎಳೆದರೆ ಮುರಿಯುತ್ತದೆ. 2017ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಡಿರ್ಕ್ ಹೆಬೆಲ್, ಫಿಲಿಪ್ ಬ್ಲಾಕ್ ತಂಡಗಳು ನಿಲ್ಲಿಸಿದ, ಮರದಾಕಾರದ ‘ಮೈಕೋಟ್ರೀ’ಯ ಕೊಂಬೆಗಳಲ್ಲೆಲ್ಲ ಒತ್ತಡ ಮಾತ್ರ ಬೀಳುವ ಹಾಗೆ ಆಕಾರ ಲೆಕ್ಕ ಹಾಕಿದ್ದರು. ಸ್ಟೂಲಿಗೂ ಅದೇ ನಿಯಮ. ತೆಳು ಕಾಲಿನ ಕುರ್ಚಿ ಬೇಕು ಅಂದರೆ ಕಾಲು ಮರದ್ದಿರಲಿ. ದಪ್ಪ ದಿಮ್ಮಿಯೂ ಕುಸಿದರೆ ತುಂಬುವಾಗ ಸಡಿಲ ಬಿಟ್ಟಿದ್ದೀರಿ, ಅಥವಾ ಹುಲ್ಲು ಉದ್ದುದ್ದ ಇದೆ. ಒಂದೆರಡು ಸೆಂಟಿಮೀಟರ್‌ಗೆ ಕತ್ತರಿಸಿ, ನಡುವೆ ಹೊಟ್ಟು ಬೆರೆಸಿ, ಪದರ ಪದರವಾಗಿ ಒತ್ತಿ.

ಮಳೆಗಾಲದಲ್ಲಿ ಬೂಷ್ಟು ಬಂತು

ಮಂಗಳೂರು, ಶಿರಸಿ ಕಡೆಯವರಿಗೆ ಇದು ತಪ್ಪದು. ಒಣಗಿದ ತುಂಡು ಗಾಳಿಯ ತೇವ ಹೀರುತ್ತದೆ. ಮೇಲೆ ಬೂದು, ಹಸಿರು ಪುಡಿ ಕೂತರೆ ಹೊರಗಿನ ಬೂಷ್ಟು. ಒರೆಸಿ, ಮತ್ತೆ ಒಣಗಿಸಿ. ಬಿಳಿ ಎಳೆಯೇ ಮತ್ತೆ ಚಿಗುರಿದರೆ ಒಣಗಿಸುವಾಗ ಅಣಬೆ ಸತ್ತಿಲ್ಲ. ಪುನಃ ಬಿಸಿ ಕೊಡಲೇಬೇಕು. ಆಮೇಲೆ ಜೇನುಮೇಣವನ್ನೋ, ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗನ್ನೋ ತೆಳುವಾಗಿ ಎರಡು ಮೂರು ಸಲ ಹಚ್ಚಿ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಗೊಬ್ಬರವಾಗುವ ವಸ್ತುವಿಗೆ ಆ ಗುಣವೂ ಹೋಗುತ್ತದೆ. ನೀರು ಸೋರುವ ಬಾಲ್ಕನಿಯಲ್ಲಿ ಯಾವ ಲೇಪವೂ ಕಾಪಾಡದು.

ಕೆಟ್ಟ ತುಂಡನ್ನು ಎಲ್ಲಿ ಹಾಕುವುದು

ಚಿಪ್ಪಣಬೆಯದಾದರೆ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ. ಹಸಿರು ಬೂಷ್ಟು ಹಿಡಿದದ್ದಾದರೆ ಬೀಜ ಬೆರೆಸುವ ಕೋಣೆಯಿಂದ ದೂರದ ಗುಂಡಿಗೆ.

ರೀಶಿಯದಾದರೆ ಇಲ್ಲಿ ಎಚ್ಚರ ಬೇಕು. ರೀಶಿ ಗ್ಯಾನೋಡರ್ಮಾ ಕುಲದ್ದು. ನಮ್ಮ ಅಡಿಕೆ, ತೆಂಗಿನ ಬುಡ ಕೊಳೆಸುವ ಅಣಬೆ ರೋಗಕ್ಕೂ ಗ್ಯಾನೋಡರ್ಮಾವೇ ಕಾರಣ. ಅದು ಮಣ್ಣಿನಲ್ಲಿ, ಸತ್ತ ಬೇರಿನಲ್ಲಿ ವರ್ಷಗಟ್ಟಲೆ ಉಳಿದು ಮರದಿಂದ ಮರಕ್ಕೆ ಹಬ್ಬುತ್ತದೆ. ರೋಗ ಹಿಡಿದ ಮರವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ತೋಟ ಇರುವವರಿಗೆ ಹೇಳಬೇಕಿಲ್ಲ. ಆದ್ದರಿಂದ ತೋಟದ ಮನೆಯಲ್ಲಿ ರೀಶಿ ಬೆಳೆಸಲೇಬೇಡಿ, ಚಿಪ್ಪಣಬೆಯಲ್ಲೇ ಎಲ್ಲ ಕೆಲಸ ಆಗುತ್ತದೆ. ಪೇಟೆಯಲ್ಲಿ ಬೆಳೆಸುವವರು ಕೂಡ ಕೆಟ್ಟ ತುಂಡು, ಉಳಿದ ಬೀಜ, ಅಚ್ಚು ತೊಳೆದ ನೀರು ಎಲ್ಲವನ್ನೂ ಮೊದಲು ಒಂದು ಗಂಟೆ ಕುದಿಸಿ, ಆಮೇಲೆ ಹೊರಗೆ ಹಾಕಿ. ಊರಿನ ತೋಟಕ್ಕೆ ಗೊಬ್ಬರ ಆಗುತ್ತದೆ ಎಂದು ಹಸಿಯಾಗಿ ಒಯ್ಯಬೇಡಿ.